ರಾಯಭಾರ ಕಚೇರಿಯ ಸಂಬಳಕ್ಕೆ ತೆರಿಗೆ ಇಲ್ಲವೇ?

ಪ್ರಶ್ನೆ: ನಮ್ಮ ದೇಶದಲ್ಲಿರುವ ವಿದೇಶಿ ರಾಯಭಾರ ಕಚೇರಿಯೊಂದು ನನ್ನನ್ನು ಇಲ್ಲಿಯೇ ಅನುವಾದಕಿಯಾಗಿ ನೇಮಿಸಿಕೊಂಡಿದೆ. ನಾನು ಇಲ್ಲಿನ ಪ್ರಜೆ. ಸಂಬಳದಲ್ಲಿ ತೆರಿಗೆ ಮುರಿಯುವುದಿಲ್ಲ. ‘ನಮಗೆಲ್ಲ ತೆರಿಗೆ ಇಲ್ಲ’ ಎನ್ನುತ್ತಾರೆ, ಆ ದೇಶದಿಂದ ಬಂದ ಸಹೋದ್ಯೋಗಿಗಳು. ನಿಜವೇ?

ಉತ್ತರ: ಅವರಿಗೆ ಇಲ್ಲದಿರಬಹುದು, ನಿಮಗೆ ಸಾಮಾನ್ಯವಾಗಿ ಇದೆ. ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ 38ನೇ ವಿಧಿಯಂತೆ, ಆತಿಥೇಯ ದೇಶದ (ಕಚೇರಿ ಇರುವ ದೇಶದ) ಪ್ರಜೆಗಳಾದ ಸಿಬ್ಬಂದಿಗೆ ಆ ದೇಶ ತಾನಾಗಿ ಕೊಟ್ಟಷ್ಟೇ ವಿನಾಯಿತಿ.

ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದವಿದ್ದರೆ ‘ಸರಕಾರಿ ಸೇವೆ’ಯ ವಿಧಿಯನ್ನು ಹುಡುಕಿ. ಇಂಥ ಒಪ್ಪಂದಗಳಿಗೆ ಆರ್ಥಿಕ ಸಹಕಾರ ಸಂಸ್ಥೆ ಒಇಸಿಡಿ ರೂಪಿಸಿದ ಮಾದರಿಯಲ್ಲಿ ಅದು 19ನೆಯದು. ಸಂಬಳ ಕೊಡುವ ಸರಕಾರಕ್ಕೆ ಮಾತ್ರ ತೆರಿಗೆ ಹಾಕುವ ಹಕ್ಕು ಎಂದು ಅದು ಶುರುವಾಗುತ್ತದೆ. ಹೆಚ್ಚಿನವರು ಅಲ್ಲಿಗೇ ಓದು ನಿಲ್ಲಿಸಿ ಎಡವುತ್ತಾರೆ. ಮುಂದಿನ ಭಾಗವೇ ಮುಖ್ಯ: ಕೆಲಸ ಆತಿಥೇಯ ದೇಶದಲ್ಲೇ ನಡೆದು, ನೌಕರರು ಅಲ್ಲಿನ ನಿವಾಸಿಯೂ ಪ್ರಜೆಯೂ ಆಗಿದ್ದರೆ ತೆರಿಗೆ ಆತಿಥೇಯ ದೇಶಕ್ಕೆ ಮಾತ್ರ. ಪ್ರಜೆಯಲ್ಲದಿದ್ದರೂ, ಬರೀ ಈ ಕೆಲಸಕ್ಕೆಂದು ಬಂದು ನೆಲೆಸಿದವರಲ್ಲದಿದ್ದರೆ ಇದೇ ನಿಯಮ. ಮದುವೆಯಾಗಿ ಬಂದು, ವರ್ಷಗಳ ನಂತರ ಕೆಲಸಕ್ಕೆ ಸೇರಿದವರು ಹೀಗೆ ಸಿಕ್ಕಿಬೀಳುತ್ತಾರೆ. ಆದರೆ ಗಡಿಯಾಚೆ, ಸಂಬಳ ಕೊಡುವ ದೇಶದಲ್ಲೇ ಮನೆ ಮಾಡಿ ದಿನಾ ಓಡಾಡುವವರು ಆತಿಥೇಯ ದೇಶದ ನಿವಾಸಿಗಳಲ್ಲದ ಕಾರಣ ಮೊದಲ ನಿಯಮಕ್ಕೇ ಬರುತ್ತಾರೆ.

ತೆರಿಗೆ ಮುರಿಯದಿರುವುದು ವಿನಾಯಿತಿಯಲ್ಲ. ವಿದೇಶಿ ಸರಕಾರದಿಂದ ಕಡಿತ ಮಾಡಿಸುವುದು ಕಷ್ಟ, ಹಾಗಾಗಿ ಹೊಣೆ ನಿಮ್ಮದಾಗುತ್ತದೆ. ಮುಂಗಡ ತೆರಿಗೆ ಕಟ್ಟಿ, ತಪ್ಪಿದರೆ ಬಡ್ಡಿ ಬೀಳುತ್ತದೆ. ಸಂಬಳ ವಿದೇಶಿ ಹಣದಲ್ಲಿದ್ದರೆ ಇಲಾಖೆ ಒಪ್ಪುವ ದರದಲ್ಲೇ ಪರಿವರ್ತಿಸಿ.

ಅಕಸ್ಮಾತ್ ಆ ಸರಕಾರವೇ ತೆರಿಗೆ ಹಿಡಿದಿದ್ದರೆ, ಮರುಪಾವತಿಯನ್ನು ಅಲ್ಲಿಯೇ ಕೇಳಬೇಕು. ಒಪ್ಪಂದಕ್ಕೆ ವಿರುದ್ಧವಾಗಿ ಹಿಡಿದ ತೆರಿಗೆಗೆ ಇಲ್ಲಿ ಕ್ರೆಡಿಟ್ (ಇಲ್ಲಿನ ತೆರಿಗೆಯಲ್ಲಿ ಅದನ್ನು ಕಳೆಯುವ ಅವಕಾಶ) ಸಿಗುವುದು ಅನುಮಾನ.