ಟೈಮ್ ಟ್ರಾವೆಲ್ ಸಿನಿಮಾದಲ್ಲಿ ತಪ್ಪು ಹುಡುಕುವ ಮುಂಚೆ

ನಮಸ್ಕಾರ.

ಟೈಮ್ ಟ್ರಾವೆಲ್ ಸಿನಿಮಾಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಅದರೊಳಗೆ ಇನ್ನೊಂದು ಲೇಖನ ಇದೆ, ಅದು ನಿಜಕ್ಕೂ ಚೆನ್ನಾಗಿದೆ. ಅದನ್ನು ನೀವೇ ಹೊರಗೆ ತರಬಲ್ಲಿರಿ ಅನ್ನುವ ನಂಬಿಕೆಯಿಂದ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು. ಹಿಂದಿನ ಕಾಲಕ್ಕೆ ಹೋಗುವ ಕತೆಗಳಲ್ಲಿ ತರ್ಕ ನಿಲ್ಲುವುದಿಲ್ಲ. ತರ್ಕ ಇಲ್ಲದ ಸಿನಿಮಾ ನೋಡುವುದು ಸುಮ್ನೆ ಹೊತ್ತು ಹಾಳು. ಇದನ್ನು ತೋರಿಸಲು 12 ಸಿನಿಮಾ ಎತ್ತಿಕೊಂಡಿದ್ದೀರಿ. ಒಂದೊಂದಕ್ಕೂ ಒಂದು ಪ್ಯಾರಾ, ಪ್ರತಿ ಪ್ಯಾರಾದ ಕೊನೆಗೆ 'ಇದು ಹೇಗೆ ಸಾಧ್ಯ?' ಅನ್ನುವ ಪ್ರಶ್ನೆ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಮುಂದೇನು ಬರುತ್ತದೆ ಅಂತ ಓದುವವರಿಗೆ ಗೊತ್ತಾಗಿಬಿಡುತ್ತದೆ. ತಪ್ಪುಗಳ ಪಟ್ಟಿ ಮಾಡುವುದು ಸುಲಭ. ಒಂದೇ ತಪ್ಪಿನ ಬೆನ್ನು ಹತ್ತಿ ಕೊನೆತನಕ ಹೋಗುವುದು ಕಷ್ಟ. ನಿಮ್ಮಿಂದ ನನಗೆ ಬೇಕಾಗಿರುವುದು ಆ ಎರಡನೆಯ ಕೆಲಸ.

1985ರ 'ಬ್ಯಾಕ್ ಟು ದಿ ಫ್ಯೂಚರ್' ಬಗ್ಗೆ ಬರೆಯುವಾಗ ಆ ಫೋಟೊದ ವಿಷಯ ಎತ್ತಿದ್ದೀರಿ. ಮಾರ್ಟಿ ಎಂಬ ಹುಡುಗ 1955ಕ್ಕೆ ಹೋಗಿ, ತನಗೇ ಗೊತ್ತಿಲ್ಲದೆ ತನ್ನ ಅಪ್ಪ ಅಮ್ಮ ಒಂದಾಗುವುದನ್ನು ತಪ್ಪಿಸಿಬಿಡುತ್ತಾನೆ. ಅವನ ಹತ್ತಿರ ಒಂದು ಫೋಟೊ ಇದೆ. ಅದರಲ್ಲಿ ಅಣ್ಣ, ಅಕ್ಕ, ತಾನು. ಮೊದಲು ಅಣ್ಣನ ತಲೆ ಅಳಿಸಿಹೋಗುತ್ತದೆ, ಆಮೇಲೆ ಉಳಿದ ಮೈ, ಆಮೇಲೆ ಅಕ್ಕ. ನಿಮ್ಮ ತಕರಾರು ಸರಿಯಾಗಿಯೇ ಇದೆ. ಅಣ್ಣ ಹುಟ್ಟುವುದೇ ಇಲ್ಲ ಅಂದರೆ ಅವನು ಒಂದೇ ಏಟಿಗೆ ಇಲ್ಲವಾಗಬೇಕು. ತಲೆ ಮೊದಲು, ಕಾಲು ಆಮೇಲೆ ಅಂತ ಕಂತು ಕಂತಾಗಿ ಮಾಯವಾಗುವುದೇಕೆ? ಮೂವರೂ ಹುಟ್ಟದೇ ಇದ್ದರೆ ಆ ಖಾಲಿ ಜಾಗದ ಫೋಟೊ ತೆಗೆದವರಾದರೂ ಯಾರು? ನೀವು ಇಲ್ಲಿಗೆ ನಿಲ್ಲಿಸಿದ್ದೀರಿ. ನಾನು ಕೇಳುವುದು ಇದರ ಮುಂದಿನ ಪ್ರಶ್ನೆ. ಇಷ್ಟು ಎದ್ದು ಕಾಣುವ ತಪ್ಪನ್ನು ಸಿನಿಮಾ ಮಾಡಿದವರು ಯಾಕೆ ಉಳಿಸಿಕೊಂಡರು?

ಟೈಮ್ ಮಷೀನ್ ಇರುವವನಿಗೆ ಅವಸರ ಅನ್ನುವುದೇ ಇರುವುದಿಲ್ಲ. ಇವತ್ತು ಕೆಲಸ ಕೆಟ್ಟರೆ ನಿನ್ನೆಗೆ ಹೋಗಿ ಸರಿ ಮಾಡಬಹುದು. ನಿನ್ನೆಯೂ ಕೆಟ್ಟರೆ ಮೊನ್ನೆಗೆ. ಅವಸರ ಇಲ್ಲದ ಕಡೆ ಆತಂಕ ಹುಟ್ಟುವುದಿಲ್ಲ. ಹಾಗಾಗಿ ಇಂಥ ಕತೆ ಬರೆಯುವವರು ನಾಯಕನಿಗೆ ಹೇಗಾದರೂ ಮಾಡಿ ಮತ್ತೆ ಟೈಮ್ ಸಾಲದಂತೆ ಮಾಡಬೇಕು. ಆ ಸಿನಿಮಾ ನೋಡಿ. 1955ರಲ್ಲಿ ಯಂತ್ರಕ್ಕೆ ಬೇಕಾದ ಪ್ಲುಟೋನಿಯಂ ಸಿಗುವುದಿಲ್ಲ. 1.21 ಗಿಗಾವ್ಯಾಟ್ ಶಕ್ತಿ ಬರಬೇಕೆಂದರೆ ಒಂದೇ ಒಂದು ಸಿಡಿಲೇ ಗತಿ. ಅದು ರಾತ್ರಿ 10 ಗಂಟೆ 4 ನಿಮಿಷಕ್ಕೆ ಊರಿನ ಗಡಿಯಾರದ ಗೋಪುರಕ್ಕೆ ಬಡಿಯುತ್ತದೆ ಅಂತ ಮಾರ್ಟಿಗೆ ಮೊದಲೇ ಗೊತ್ತು. ಗೋಪುರದ ಮೇಲಿರುವುದು ಒಂದು ಗಡಿಯಾರವಾದರೆ ಈ ಫೋಟೊ ಇನ್ನೊಂದು. ಎಷ್ಟು ಹೊತ್ತು ಉಳಿದಿದೆ ಅಂತ ಅವನಿಗೂ ನಮಗೂ ಅದು ತೋರಿಸುತ್ತಾ ಹೋಗುತ್ತದೆ. ಶಾಲೆಯ ಡ್ಯಾನ್ಸಿನಲ್ಲಿ ಗಿಟಾರ್ ನುಡಿಸುತ್ತಿದ್ದವನ ಕೈಯೊಳಗಿಂದ ಆಚೆ ಬದಿ ಕಾಣತೊಡಗುತ್ತದೆ. ಅವನು ಕುಸಿಯುತ್ತಾನೆ. ಅಪ್ಪ ಅಮ್ಮ ಮುತ್ತಿಡುವವರೆಗೂ ನಾವು ಉಸಿರು ಬಿಗಿ ಹಿಡಿದು ಕೂತಿರುತ್ತೇವೆ, ಅಲ್ವಾ? ಅಣ್ಣ ಒಂದೇ ಏಟಿಗೆ ಮಾಯವಾಗಿದ್ದರೆ ತರ್ಕ ಉಳಿಯುತ್ತಿತ್ತು, ಸಿನಿಮಾ ಅಲ್ಲಿಗೇ ಮುಗಿದುಹೋಗುತ್ತಿತ್ತು. ಈ ತಪ್ಪು ಒಂದು ಕೆಲಸ ಮಾಡುತ್ತಿದೆ. ಯಾವ ತಪ್ಪು ಕೆಲಸ ಮಾಡುತ್ತಿದೆ, ಯಾವುದು ಬರೀ ಸೋಮಾರಿತನ ಅಂತ ಬೇರೆ ಮಾಡಿ ತೋರಿಸುವುದೇ ಸಿನಿಮಾ ಬಗ್ಗೆ ಬರೆಯುವವರ ಕೆಲಸ.

ಇನ್ನು 'ದಿ ಟರ್ಮಿನೇಟರ್'. 1984ರ ಸಿನಿಮಾ. ಇಲ್ಲಿ ನಿಮ್ಮ ತಕರಾರನ್ನೇ ನಾನು ಒಪ್ಪುವುದಿಲ್ಲ. ಭವಿಷ್ಯದಲ್ಲಿ ಯಂತ್ರಗಳ ವಿರುದ್ಧ ಹೋರಾಡುವ ನಾಯಕ ಹುಟ್ಟಲೇಬಾರದು ಅಂತ ಅವನ ತಾಯಿಯನ್ನು ಕೊಲ್ಲಲು ಯಂತ್ರಗಳು ಒಬ್ಬ ಕೊಲೆಗಾರನನ್ನು ಹಿಂದಿನ ಕಾಲಕ್ಕೆ ಕಳಿಸುತ್ತವೆ. ಅವಳನ್ನು ಕಾಪಾಡಲು ಆ ನಾಯಕ ತನ್ನ ಕಡೆಯ ಒಬ್ಬನನ್ನು ಕಳಿಸುತ್ತಾನೆ. ಬಂದವನೇ ಆ ನಾಯಕನ ತಂದೆ ಆಗುತ್ತಾನೆ. 'ಮಗ ತಂದೆಯನ್ನು ಕಳಿಸಿದ, ತಂದೆಯಿಂದ ಮಗ ಹುಟ್ಟಿದ, ಮೊದಲು ಯಾರು? ಇದು ಶುದ್ಧ ಅಸಂಬದ್ಧ' ಅಂತ ಬರೆದಿದ್ದೀರಿ. ಇದು ವಿಚಿತ್ರ, ನಿಜ. ಆದರೆ ಇಲ್ಲಿ ಒಂದು ಮಾತು ಇನ್ನೊಂದನ್ನು ಸುಳ್ಳು ಮಾಡುತ್ತಿಲ್ಲ. ಮೊಮ್ಮಗ ಹಿಂದೆ ಹೋಗಿ ತನ್ನ ತಾತನನ್ನು ಮದುವೆಗೆ ಮುಂಚೆಯೇ ಕೊಂದರೆ ಅದು ನಿಜವಾದ ತೊಡಕು. ಕೊಂದರೆ ಇವನು ಹುಟ್ಟುವುದಿಲ್ಲ, ಹುಟ್ಟದಿದ್ದರೆ ಕೊಲ್ಲುವುದಕ್ಕೆ ಆಗುವುದಿಲ್ಲ. ಈ ಸಿನಿಮಾದಲ್ಲಿ ಹಾಗಿಲ್ಲ. ಎಲ್ಲವೂ ಒಂದು ಸುತ್ತು ಸುತ್ತಿ ತನ್ನಷ್ಟಕ್ಕೆ ಕೂಡಿಕೊಳ್ಳುತ್ತದೆ. ಆ ಸುತ್ತಿಗೆ ಶುರು ಅನ್ನುವುದೇ ಇಲ್ಲ, ಅಷ್ಟೇ. ಕಾಲಯಾನ ಸಾಧ್ಯವಾದರೂ ಹೀಗೆ ತನ್ನೊಳಗೆ ತಾನು ಕೂಡಿಕೊಳ್ಳುವ ಘಟನೆಗಳು ಮಾತ್ರ ನಡೆದಾವು ಅಂತ ರಷ್ಯದ ಭೌತವಿಜ್ಞಾನಿ ಇಗೊರ್ ನೊವಿಕೊವ್ ವಾದಿಸಿದ್ದಾರೆ.

ನಮಗಂತೂ ಈ ಬಗೆಯ ಕತೆ ಹೊಸದಲ್ಲ. ಕಂಸನನ್ನು ನೆನಪು ಮಾಡಿಕೊಳ್ಳಿ. ದೇವಕಿಯ ಎಂಟನೆಯ ಮಗು ನಿನ್ನನ್ನು ಕೊಲ್ಲುತ್ತದೆ ಅಂತ ಆಕಾಶವಾಣಿ ಕೇಳಿಸುತ್ತದೆ. ಮುಂದಿನ ಕಾಲದ ಸುದ್ದಿ ಹಿಂದಿನ ಕಾಲಕ್ಕೆ ಬಂದ ಹಾಗೆಯೇ ಅದು. ತಪ್ಪಿಸಿಕೊಳ್ಳಲು ಕಂಸ ಏನೇನೋ ಮಾಡುತ್ತಾನೆ. ತಂಗಿಯನ್ನು ಸೆರೆಯಲ್ಲಿಟ್ಟು, ಅವಳ ಮಕ್ಕಳನ್ನು ಕೊಂದು, ತನ್ನನ್ನು ಕೊಲ್ಲಲು ಆ ಎಂಟನೆಯವನಿಗೆ ಒಂದೊಂದೇ ಕಾರಣ ಕೊಡುತ್ತಾ ಹೋಗುತ್ತಾನೆ. ಟರ್ಮಿನೇಟರ್‌ನ ಯಂತ್ರಗಳೂ ಇದನ್ನೇ ಮಾಡುತ್ತವೆ. ಕೊಲೆಗಾರನನ್ನು ಕಳಿಸದೇ ಇದ್ದಿದ್ದರೆ ಕಾಪಾಡುವವನು ಬರುತ್ತಿರಲಿಲ್ಲ, ಆ ಮಗು ಹುಟ್ಟುತ್ತಿರಲಿಲ್ಲ. ಕಂಸನ ಕತೆಯಲ್ಲಿ ಒಪ್ಪುವುದನ್ನು ಇಲ್ಲಿ ಯಾಕೆ ಒಪ್ಪುವುದಿಲ್ಲ?

ನೀವು ಗಮನಿಸದೇ ಬಿಟ್ಟಿರುವ ಒಂದು ವಿಷಯ ಹೇಳುತ್ತೇನೆ, ಬೇಕಾದರೆ ಬಳಸಿಕೊಳ್ಳಿ. ಈ ಸಿನಿಮಾದಲ್ಲೂ ಒಂದು ಫೋಟೊ ಇದೆ. ಭವಿಷ್ಯದಿಂದ ಬಂದವನು ಆ ತಾಯಿಯ ಫೋಟೊ ನೋಡಿಯೇ ಅವಳನ್ನು ಮೆಚ್ಚಿಕೊಂಡಿರುತ್ತಾನೆ. ಅದರಲ್ಲಿ ಅವಳ ಮುಖದಲ್ಲಿ ಒಂದು ಬಗೆಯ ದುಃಖ ಇದೆ. ಆ ಹೊತ್ತಿನಲ್ಲಿ ಅವಳು ಏನನ್ನು ಯೋಚಿಸುತ್ತಿದ್ದಳೋ ಅಂತ ಅವನಿಗೆ ಕುತೂಹಲ. ಕೊನೆಯ ದೃಶ್ಯದಲ್ಲಿ, ಅವನು ಸತ್ತ ಮೇಲೆ, ಒಂದು ಪೆಟ್ರೋಲ್ ಬಂಕಿನಲ್ಲಿ ಒಬ್ಬ ಹುಡುಗ ಅವಳ ಪೋಲರಾಯ್ಡ್ ಫೋಟೊ ತೆಗೆಯುತ್ತಾನೆ. ಅದೇ ಫೋಟೊ. ಅವಳು ಯೋಚಿಸುತ್ತಿದ್ದದ್ದು ಅವನನ್ನೇ. ಈಗ ಎರಡು ಫೋಟೊಗಳನ್ನು ಅಕ್ಕಪಕ್ಕ ಇಡಿ. ಒಂದು ಅಳಿಸಿಹೋಗುತ್ತಿದೆ, ಅಂದರೆ ಆ ಲೋಕದಲ್ಲಿ ನಡೆದದ್ದನ್ನು ಬದಲಿಸಬಹುದು. ಇನ್ನೊಂದು ತೆಗೆಯಲೇಬೇಕಾದ ಫೋಟೊ, ಅಂದರೆ ಅಲ್ಲಿ ಏನೂ ಬದಲಾಗುವುದಿಲ್ಲ. ಎರಡೂ ಸಿನಿಮಾ ತಮ್ಮ ನಿಯಮವನ್ನು ಒಂದು ಫೋಟೊದಲ್ಲಿ ಹೇಳಿಬಿಟ್ಟಿವೆ. ನಿಮ್ಮ ಲೇಖನ ಇಲ್ಲಿಂದ ಶುರುವಾದರೆ ಎಷ್ಟು ಚೆನ್ನ!

ಹಾಗಂತ ಸಿನಿಮಾ ಏನು ಮಾಡಿದರೂ ಸರಿ ಅಂತ ನಾನು ಹೇಳುತ್ತಿಲ್ಲ. 1991ರ ಟರ್ಮಿನೇಟರ್ ಎರಡನೆಯ ಭಾಗದಲ್ಲಿ ಅದೇ ತಾಯಿ, ಅದೇ ಮಗ ಭವಿಷ್ಯವನ್ನೇ ತಡೆಯಲು ಹೊರಡುತ್ತಾರೆ, ಅದು ಆಗುವ ಮಾತು ಅಂತ ಸಿನಿಮಾ ನಮ್ಮನ್ನು ನಂಬಿಸುತ್ತದೆ. ಮೊದಲ ಭಾಗದ ನಿಯಮ ಎಲ್ಲಿ ಹೋಯಿತು? ಇದು ನ್ಯಾಯವಾದ ದೂರು. ಭೌತವಿಜ್ಞಾನಕ್ಕೆ ಸಿನಿಮಾ ಉತ್ತರ ಕೊಡಬೇಕಾಗಿಲ್ಲ. ತಾನೇ ಹಾಕಿಕೊಂಡ ನಿಯಮಕ್ಕೆ ಮಾತ್ರ ಕೊಡಲೇಬೇಕು. ನಿಮ್ಮ 12 ಪ್ಯಾರಾಗಳನ್ನು ಈ ಕಣ್ಣಿನಿಂದ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಬಿದ್ದುಹೋಗುತ್ತವೆ. ಉಳಿದವು ಗಟ್ಟಿಯಾಗುತ್ತವೆ.

2004ರ 'ಪ್ರೈಮರ್' ಬಗ್ಗೆ 'ಒಂದೂ ಅರ್ಥವಾಗಲಿಲ್ಲ, ಆದ್ದರಿಂದ ಅರ್ಥವಿಲ್ಲ' ಅಂತ ಬರೆದಿದ್ದೀರಿ. ದಯವಿಟ್ಟು ಇದನ್ನು ತೆಗೆಯಿರಿ. ನಮಗೆ ಅರ್ಥವಾಗದ್ದೆಲ್ಲ ಅರ್ಥವಿಲ್ಲದ್ದಲ್ಲ. ಸುಮಾರು 7,000 ಡಾಲರ್‌ನಲ್ಲಿ ಮಾಡಿದ ಆ ಪುಟ್ಟ ಸಿನಿಮಾದ ನಿಯಮ ಬಹಳ ಕಟ್ಟುನಿಟ್ಟು. ಅದರಲ್ಲಿ ಟೈಮ್ ಮಷೀನ್ ಅಂದರೆ ಒಂದು ಪೆಟ್ಟಿಗೆ. ಆರು ಗಂಟೆ ಹಿಂದೆ ಹೋಗಬೇಕೆಂದರೆ ಆ ಪೆಟ್ಟಿಗೆಯೊಳಗೆ ಆರು ಗಂಟೆ ಕೂತಿರಲೇಬೇಕು. ಪೆಟ್ಟಿಗೆಯನ್ನು ಚಾಲೂ ಮಾಡಿದ ಕ್ಷಣಕ್ಕಿಂತ ಹಿಂದೆ ಹೋಗಲು ಆಗುವುದಿಲ್ಲ. ಗೋಜಲಾಗುವುದು ಒಬ್ಬನೇ ಮನುಷ್ಯನ ಎರಡು ಮೂರು ಪ್ರತಿಗಳು ಓಡಾಡತೊಡಗಿದಾಗ. ಅದು ನನಗೂ ಗೋಜಲೇ. ನೀವು ಇಷ್ಟಪಡಬೇಕಾಗಿಲ್ಲ, ಆದರೆ ಅದಕ್ಕೆ ತರ್ಕ ಇಲ್ಲ ಅನ್ನಬೇಡಿ.

ವಿಜ್ಞಾನದ ಪ್ಯಾರಾದಲ್ಲಿ ತಪ್ಪಿದೆ. 'ಕಾಲಯಾನ ಅಸಾಧ್ಯ ಅಂತ ವಿಜ್ಞಾನ ಸಾಬೀತು ಮಾಡಿದೆ' ಅಂದಿದ್ದೀರಿ. ಮುಂದಕ್ಕೆ ಹೋಗುವುದು ದಿನಾ ನಡೆಯುತ್ತಿದೆ, ಅಳತೆ ಮಾತ್ರ ತೀರಾ ಚಿಕ್ಕದು. ಕಾಲ ಎಲ್ಲ ಕಡೆ ಒಂದೇ ವೇಗದಲ್ಲಿ ಓಡುವುದಿಲ್ಲ, ಅದು ನಿಧಾನವಾಗಿರುವ ಕಡೆ ಇದ್ದು ಬಂದವನು ಉಳಿದವರ ಮುಂದಿನ ಕಾಲಕ್ಕೆ ಬಂದ ಹಾಗೆ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ವಿಜ್ಞಾನಿಗಳು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿ ಭೂಮಿ ಸುತ್ತಿಸಿಕೊಂಡು ಬಂದರು. ನೆಲದ ಮೇಲಿದ್ದ ಗಡಿಯಾರಗಳಿಗೂ ಅವಕ್ಕೂ ಐನ್‌ಸ್ಟೈನ್ ಹೇಳಿದ ಹಾಗೆಯೇ ವ್ಯತ್ಯಾಸ ಕಂಡಿತು. ಜಿಪಿಎಸ್ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಹೊಂದಿಸದಿದ್ದರೆ ಮೊಬೈಲ್ ತೋರಿಸುವ ದಾರಿ ತಪ್ಪುತ್ತದೆ. ಹಿಂದಕ್ಕೆ ಹೋಗುವ ವಿಷಯ ಬೇರೆ. ಐನ್‌ಸ್ಟೈನ್‌ನ ಸಮೀಕರಣಗಳಲ್ಲಿ ಅಂಥ ದಾರಿಗೆ ಜಾಗ ಇದೆ ಅಂತ 1949ರಲ್ಲಿ ಗಣಿತಜ್ಞ ಕುರ್ಟ್ ಗೋಡೆಲ್ ತೋರಿಸಿದರು, ಆದರೆ ಅವರ ಲೆಕ್ಕದ ವಿಶ್ವ ನಮ್ಮ ವಿಶ್ವದಂತಿಲ್ಲ. ಪ್ರಕೃತಿಯ ನಿಯಮಗಳು ಇದನ್ನು ತಡೆಯುತ್ತವೆ ಅಂತ 1992ರಲ್ಲಿ ಸ್ಟೀಫನ್ ಹಾಕಿಂಗ್ ಬರೆದರು. ಅವರು ಅದನ್ನು ಊಹೆ ಅಂತಲೇ ಕರೆದರು. ನಿಮ್ಮ ಒಂದು ಸಾಲಿನ ತೀರ್ಪಿಗಿಂತ ಇದು ಎಷ್ಟೋ ಪಟ್ಟು ಸ್ವಾರಸ್ಯವಾಗಿದೆ.

ಅದೇ ಪುಟದಲ್ಲಿ ಪುರಾಣದ ಕಕುದ್ಮಿ ರಾಜ ಮತ್ತು ಅವನ ಮಗಳು ರೇವತಿಯ ಕತೆ ಹೇಳಿ 'ನಮ್ಮ ಹಿರಿಯರಿಗೆ ಐನ್‌ಸ್ಟೈನ್‌ಗಿಂತ ಮೊದಲೇ ಗೊತ್ತಿತ್ತು' ಅಂದಿದ್ದೀರಿ. ಕತೆ ಇರಲಿ, ಆ ಸಾಲು ಬೇಡ. ಮಗಳಿಗೆ ಗಂಡು ಕೇಳಲು ಬ್ರಹ್ಮಲೋಕಕ್ಕೆ ಹೋದ ರಾಜ ಹಾಡು ಮುಗಿಯಲಿ ಅಂತ ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗ ಕಳೆದಿರುತ್ತದೆ. ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಗಂಡುಗಳೂ ಇಲ್ಲ, ಅವರ ವಂಶದ ಹೆಸರೂ ಇಲ್ಲ. ಆ ಅಪ್ಪನ ಗಾಬರಿ ಎಂಥದ್ದು! ಅದರ ಬಗ್ಗೆ ಒಂದು ಮಾತೂ ಬರೆಯದೆ ಕತೆಯನ್ನು ಬರೀ ಪುರಾವೆ ಮಾಡಿಬಿಟ್ಟಿದ್ದೀರಿ.

ಈಗ ನಿಮ್ಮ ಲೇಖನದಲ್ಲಿ ನನಗೆ ಬಹಳ ಹಿಡಿಸಿದ ಜಾಗ. ಒಂಬತ್ತನೆಯ ಪ್ಯಾರಾದಲ್ಲಿ 1993ರ 'ಗ್ರೌಂಡ್‌ಹಾಗ್ ಡೇ' ಬರುತ್ತದೆ. ಒಬ್ಬ ಮನುಷ್ಯನಿಗೆ ಒಂದೇ ದಿನ ಮತ್ತೆ ಮತ್ತೆ ಬರುತ್ತದೆ. ಯಾಕೆ ಬರುತ್ತದೆ, ಯಾಕೆ ನಿಲ್ಲುತ್ತದೆ ಅಂತ ಸಿನಿಮಾ ಹೇಳುವುದೇ ಇಲ್ಲ ಅಂತ ಬೈದು, ಆವರಣದಲ್ಲಿ ಬರೆದಿದ್ದೀರಿ: 'ಆದರೂ ಇದು ಟಿವಿಯಲ್ಲಿ ಬಂದರೆ ಚಾನೆಲ್ ಬದಲಿಸಲು ಕೈ ಬರುವುದಿಲ್ಲ.' ಇಡೀ ಲೇಖನದಲ್ಲಿ ನೀವು ನಿಜವಾಗಿ ಮಾತಾಡಿದ್ದು ಇಲ್ಲೇ. ಆವರಣ ತೆಗೆದುಹಾಕಿ. ಇದೇ ನಿಮ್ಮ ವಿಷಯ. ಯಾಕೆ ಕೈ ಬರುವುದಿಲ್ಲ?

ನಾನಾದರೆ ಆ ಮುದುಕನ ದೃಶ್ಯದಿಂದ ಶುರು ಮಾಡುತ್ತಿದ್ದೆ. ಬೀದಿಯಲ್ಲಿರುವ ಒಬ್ಬ ಮುದುಕ ಆ ರಾತ್ರಿ ಸಾಯುತ್ತಾನೆ. ನಾಯಕನ ಕೈಯಲ್ಲಿ ಲೆಕ್ಕವಿಲ್ಲದಷ್ಟು ದಿನಗಳಿವೆ. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ, ಹೊಟ್ಟೆ ತುಂಬ ಊಟ ಹಾಕಿಸುತ್ತಾನೆ, ಕತ್ತಲೆಯ ಓಣಿಯಲ್ಲಿ ಮೊಣಕಾಲೂರಿ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಾನೆ. ಮುದುಕ ಸತ್ತೇ ಸಾಯುತ್ತಾನೆ. ಪಿಯಾನೊ ಕಲಿಯುವಷ್ಟು, ಊರಿನವರೆಲ್ಲರ ಬದುಕು ತಿಳಿಯುವಷ್ಟು ಕಾಲ ಸಿಕ್ಕಿದವನು ಇನ್ನೊಬ್ಬರಿಗೆ ಒಂದು ರಾತ್ರಿ ಜಾಸ್ತಿ ಕೊಡಲಾರ. ಇದನ್ನು ನೋಡಲು ಟೈಮ್ ಲೂಪ್‌ನ ವಿವರಣೆ ಬೇಕಾ? ಸಿನಿಮಾ ವಿವರಣೆ ಕೊಟ್ಟಿದ್ದರೆ ನಾವು ಅದನ್ನೇ ಅಳೆಯುತ್ತಾ ಕೂರುತ್ತಿದ್ದೆವು. ನಮ್ಮಲ್ಲಿ ಎಲ್ಲರಿಗೂ ಹಿಂದೆ ಹೋಗಿ ಸರಿ ಮಾಡಬೇಕು ಅನಿಸುವ ಒಂದು ದಿನ ಇರುತ್ತದೆ. ಈ ಸಿನಿಮಾಗಳನ್ನು ನೋಡಬೇಕಾ ಅಂತ ಯಾರಾದರೂ ಕೇಳಿದರೆ ನಾನು ಖಂಡಿತ ನೋಡಿ ಅನ್ನುವುದು ಇದಕ್ಕೇ.

ಮುಂದಿನ ಪ್ರತಿಗೆ ಎರಡು ಅಥವಾ ಮೂರು ಸಿನಿಮಾ ಸಾಕು. ಒಂದನ್ನು ನಿಮಗೆ ಇಷ್ಟವಾದದ್ದರಲ್ಲಿ ಆರಿಸಿ, ಇನ್ನೊಂದು ನಿಜಕ್ಕೂ ತನ್ನ ನಿಯಮವನ್ನೇ ಮುರಿದದ್ದು ಇರಲಿ. ವೆಲ್ಸ್ 1895ರಲ್ಲಿ ಟೈಮ್ ಮಷೀನ್ ಕಾದಂಬರಿ ಬರೆದರು ಅಂತ ಶುರುವಾಗುವ ಇತಿಹಾಸದ ಪುಟ ಬೇಡ, ಅದು ಎಲ್ಲ ಕಡೆ ಸಿಗುತ್ತದೆ. 'ಇದು ಹೇಗೆ ಸಾಧ್ಯ?' ಅನ್ನುವ ಸಾಲನ್ನು ಒಂದೇ ಸಲ ಬಳಸಿ. ಬರೆಯುವ ಮುಂಚೆ ಆ ಸಿನಿಮಾಗಳನ್ನು ಮತ್ತೆ ನೋಡಿ, ನೆನಪಿನಿಂದ ಬರೆಯಬೇಡಿ. 1955ರಲ್ಲಿ ಮಾರ್ಟಿಯ ಅಪ್ಪನಿಗೆ ಕಾರು ಗುದ್ದಿದ್ದರಿಂದ ಎಲ್ಲ ಕೆಟ್ಟಿತು ಅಂತ ಬರೆದಿದ್ದೀರಿ. ಗುದ್ದಿದ್ದು ಮಾರ್ಟಿಗೆ. ಅವನು ಅಪ್ಪನನ್ನು ಪಕ್ಕಕ್ಕೆ ತಳ್ಳಿ ತಾನು ಸಿಕ್ಕಿಕೊಂಡ, ಅದರಿಂದಲೇ ಅವನ ಅಮ್ಮನ ಕಣ್ಣು ಅಪ್ಪನ ಬದಲು ಅವನ ಮೇಲೆ ಬಿತ್ತು. ಇದನ್ನು ತಿದ್ದಿ ಕಳಿಸಿ.