ಹಳೆಯ ಪಿಕಪ್‌ನ ಕುಸಿದ ಹಿಂಭಾಗ

ಪ್ರಶ್ನೆ: ನನ್ನ 15 ವರ್ಷ ಹಳೆಯ ಪಿಕಪ್‌ನಲ್ಲಿ ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸುತ್ತೇನೆ. ಗಾಡಿ ಖಾಲಿಯಿದ್ದಾಗಲೂ ಹಿಂಭಾಗ ಕುಸಿದಿರುತ್ತದೆ. ಉದ್ದನೆಯ ಶ್ಯಾಕಲ್ (ಸ್ಪ್ರಿಂಗ್‌ನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿಸಿ ಕಡಿಮೆ ಖರ್ಚಿನಲ್ಲಿ ಎತ್ತರಿಸಬಹುದೇ?
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ಎತ್ತರಿಸಬಹುದು, ಆದರೆ ನಾನು ಅದನ್ನು ಸೂಚಿಸಲಾರೆ. ಶ್ಯಾಕಲ್ 2 ಇಂಚು ಉದ್ದವಾದರೆ ಹಿಂಭಾಗ ಸುಮಾರು 1 ಇಂಚಷ್ಟೇ ಏರುತ್ತದೆ. ಸೋತುಹೋದ ಲೀಫ್ ಸ್ಪ್ರಿಂಗ್‌ಗೆ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳಿಗೆ) ಅದರಿಂದ ಬಲವೇನೂ ಬಾರದು.

ಮೊದಲು ಸಮತಟ್ಟಾದ ನೆಲದಲ್ಲಿ ಖಾಲಿ ಗಾಡಿಯನ್ನು ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎರಡೂ ಬದಿ ಅಳೆಯಿರಿ. ಒಂದು ಬದಿ ಮಾತ್ರ ತಗ್ಗಿದ್ದರೆ ಆ ಕಡೆ ಪಟ್ಟಿ ಮುರಿದಿರಬಹುದು, ಸ್ಪ್ರಿಂಗ್ ತುದಿಯ ಬುಷ್ (ಒಳಬಳೆ) ಸವೆದಿರಬಹುದು. ಎರಡೂ ಸಮನಾಗಿ ಕುಸಿದಿದ್ದು ಪಟ್ಟಿಗಳಲ್ಲಿ ಬಿರುಕಿಲ್ಲದಿದ್ದರೆ, ಸ್ಪ್ರಿಂಗ್ ಕೆಲಸ ಬಲ್ಲ ಕುಶಲಿಯಿಂದ ಅವುಗಳ ಕಮಾನನ್ನು ಮತ್ತೆ ಬಾಗಿಸಿ ಹದಗೊಳಿಸುವುದೇ ಅಗ್ಗದ ಸರಿಯಾದ ದಾರಿ. ಬಿರುಕಿದ್ದರೆ ಪಟ್ಟಿಯನ್ನೇ ಬದಲಿಸಬೇಕು, ವೆಲ್ಡಿಂಗ್ ಬೇಡವೇ ಬೇಡ. ಶಾಕ್ ಅಬ್ಸಾರ್ಬರ್ ಬದಲಿಸಿದರೆ ಕುಲುಕಾಟ ಕಡಿಮೆಯಾಗುತ್ತದೆಯೇ ಹೊರತು ಎತ್ತರ ಮರಳುವುದಿಲ್ಲ.

ಜೋಡಿಸುವಾಗ, ಸ್ಪ್ರಿಂಗನ್ನು ಆಕ್ಸಲ್‌ಗೆ (ಚಕ್ರಗಳ ಅಚ್ಚಿಗೆ) ಬಿಗಿಯುವ ಯು-ಬೋಲ್ಟುಗಳನ್ನು ಹೊಸದನ್ನೇ ಹಾಕಿಸಿ, ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಮತ್ತೊಮ್ಮೆ ಬಿಗಿ ಮಾಡಿಸಿ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಜೋಡಿಸಿದ ಬ್ರೇಕ್ ವಾಲ್ವ್ ಹೊರೆಯನ್ನು ಗಾಡಿಯ ಎತ್ತರದಿಂದಲೇ ಅಂದಾಜಿಸುತ್ತದೆ. ಮೂಲ ಅಳತೆಗಿಂತ ಎತ್ತರಿಸಿದರೆ ಗಾಡಿ ಖಾಲಿಯಿದೆಯೆಂದೇ ಭಾವಿಸಿ ಹಿಂದಿನ ಬ್ರೇಕಿಗೆ ಒತ್ತಡವನ್ನು ತಗ್ಗಿಸುವುದರಿಂದ, ಕ್ರೇಟು ತುಂಬಿದ ಗಾಡಿಗೆ ಇದು ನಿಜಕ್ಕೂ ಅಪಾಯಕಾರಿ. ಆದ್ದರಿಂದ ಮೂಲ ಎತ್ತರಕ್ಕಷ್ಟೇ ತನ್ನಿ, ಹೆಡ್‌ಲೈಟಿನ ಬೆಳಕಿನ ಕೋನವನ್ನೂ ಸರಿಪಡಿಸಿಕೊಳ್ಳಿ.