ಸ್ಪ್ಯಾನಿಷ್‌ನ ಗಂಟು, ಕನ್ನಡದಲ್ಲಿ ಬಿಡಿಸಿದರೆ ಸಡಿಲ

ಪ್ರಶ್ನೆ: ಇಂಗ್ಲಿಷ್ ಪುಸ್ತಕವೊಂದನ್ನು ಇಟ್ಟುಕೊಂಡು ಆರು ತಿಂಗಳಿನಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ‘ಸೆರ್’, ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳಿಗೂ ‘ಇರು’ (ಇಂಗ್ಲಿಷಿನ ‘ಟು ಬಿ’) ಎಂಬ ಒಂದೇ ಅರ್ಥ ಕೊಟ್ಟಿದ್ದಾರೆ. ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್ ಎಂಬ ಸೂತ್ರವೂ ಇದೆ. ಹಾಗಿದ್ದರೆ ‘ಸತ್ತಿದ್ದಾನೆ’ ಎನ್ನಲು ‘ಎಸ್ತಾ ಮುಎರ್ತೊ’ ಎಂದು ಎಸ್ತಾರ್ ಬಳಸುವುದೇಕೆ? ಸಾವಿಗಿಂತ ಶಾಶ್ವತವಾದದ್ದು ಯಾವುದಿದೆ?

ಉತ್ತರ: ನಿಮ್ಮ ಸಂದೇಹ ಸರಿಯಾಗಿಯೇ ಇದೆ, ಸೋಲುವುದು ಆ ಸೂತ್ರ. ಅದನ್ನು ಬದಿಗಿಟ್ಟು ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡು ನೋಡಿ. ‘ಅವಳು ವೈದ್ಯೆ’ ಎನ್ನುವಾಗ ನಮಗೆ ಕ್ರಿಯಾಪದವೇ ಬೇಕಾಗುವುದಿಲ್ಲ. ಅಲ್ಲಿ ಸೆರ್ ಬರುತ್ತದೆ: ‘ಎಸ್ ಮೇದಿಕಾ’. ‘ಅವಳು ಮನೆಯಲ್ಲಿದ್ದಾಳೆ’ ಎನ್ನುವಾಗ ‘ಇರು’ ಬೇಕು. ಅಲ್ಲಿ ಎಸ್ತಾರ್: ‘ಎಸ್ತಾ ಎನ್ ಕಾಸಾ’. ಮ್ಯಾಡ್ರಿಡ್ ನಗರ ಎಲ್ಲಿಗೂ ಹೋಗುವುದಿಲ್ಲ, ಆದರೂ ‘ಮ್ಯಾಡ್ರಿಡ್ ಸ್ಪೇನಿನಲ್ಲಿದೆ’ ಎನ್ನಲು ಎಸ್ತಾರ್ ಬಳಸುತ್ತಾರೆ. ನಮ್ಮ ವಾಕ್ಯದಲ್ಲಿಯೂ ‘ಇದೆ’ ಇದೆಯಲ್ಲ!

ಈಗ ‘ಸತ್ತಿದ್ದಾನೆ’ಯನ್ನು ಬಿಡಿಸಿ: ಸತ್ತು, ಇದ್ದಾನೆ. ಒಂದು ಕ್ರಿಯೆ ಮುಗಿದು ಅದರ ಫಲವಾಗಿ ಉಳಿದ ಸ್ಥಿತಿಯನ್ನು ಕನ್ನಡ ‘ಇರು’ ಸೇರಿಸಿ ಹೇಳುತ್ತದೆ, ಸ್ಪ್ಯಾನಿಷ್ ಎಸ್ತಾರ್ ಸೇರಿಸಿ ಹೇಳುತ್ತದೆ. ಬಾಗಿಲು ತೆರೆದಿದೆ, ‘ಲಾ ಪುಎರ್ತಾ ಎಸ್ತಾ ಅಬಿಎರ್ತಾ’. ಕುಳಿತಿದ್ದಾನೆ, ‘ಎಸ್ತಾ ಸೆಂತಾದೊ’. ಎಸ್ತಾರ್ ಹುಟ್ಟಿದ್ದು ‘ನಿಲ್ಲು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಎಂಬುದನ್ನು ನೆನಪಿಟ್ಟುಕೊಂಡರೆ, ಸದ್ಯ ಬಂದು ನಿಂತಿರುವ ಸ್ಥಿತಿಯನ್ನು ಅದು ಹೇಳುವುದು ಸಹಜವೆನಿಸುತ್ತದೆ. ಒಂದೇ ವಿಶೇಷಣದ ಅರ್ಥ ಈ ಎರಡರ ನಡುವೆ ಬದಲಾಗುವುದೂ ಉಂಟು: ‘ಎಸ್ ಲಿಸ್ತೊ’ ಎಂದರೆ ಅವನು ಜಾಣ, ‘ಎಸ್ತಾ ಲಿಸ್ತೊ’ ಎಂದರೆ ಅವನು ಸಿದ್ಧನಾಗಿದ್ದಾನೆ.

ಈ ದಾರಿಗೂ ಮಿತಿಗಳಿವೆ. ನಾವು ‘ಮನೆ ದೊಡ್ಡದು’ ಎಂದೂ ‘ಮನೆ ದೊಡ್ಡದಾಗಿದೆ’ ಎಂದೂ ಹೇಳುತ್ತೇವೆ. ಮನೆಯ ಗುಣವನ್ನಷ್ಟೇ ಹೇಳುವುದಾದರೆ ಮೊದಲನೆಯದನ್ನು ಹಿಡಿದು ಸೆರ್ ಬಳಸಿ. ‘ಸಭೆ ಕಚೇರಿಯಲ್ಲಿದೆ’ ಎಂಬಲ್ಲಿಯೂ ಸೆರ್ ಬರುತ್ತದೆ, ಏಕೆಂದರೆ ಸಭೆ ವಸ್ತುವಲ್ಲ, ನಡೆಯುವ ಸಂಗತಿ. ‘ಇದೆ’ಯ ಜಾಗದಲ್ಲಿ ‘ನಡೆಯುತ್ತದೆ’ ಎಂದಿಟ್ಟರೂ ವಾಕ್ಯ ನಿಲ್ಲುವುದಾದರೆ ಎಸ್ತಾರ್ ಬೇಡ. ಇನ್ನು ‘ಫ್ರಿಜ್‌ನಲ್ಲಿ ಹಾಲಿದೆ’ ಎಂದು ಇರವನ್ನು ತಿಳಿಸುವಾಗ ಮೂರನೆಯದೊಂದು ಪದ ಬೇಕು: ‘ಆಯ್ ಲೆಚೆ’. ಆ ಹಾಲು ಎಲ್ಲಿದೆ ಎಂದು ಯಾರಾದರೂ ಕೇಳಿದಾಗ ಕೊಡುವ ‘ಹಾಲು ಫ್ರಿಜ್‌ನಲ್ಲಿದೆ’ ಎಂಬ ಉತ್ತರಕ್ಕೆ ಮತ್ತೆ ಎಸ್ತಾರ್. ನಾವು ಪದಗಳ ಕ್ರಮ ಬದಲಿಸಿ ತೋರಿಸುವ ವ್ಯತ್ಯಾಸವನ್ನು ಅವರು ಕ್ರಿಯಾಪದ ಬದಲಿಸಿ ತೋರಿಸುತ್ತಾರೆ.

ಪ್ರಶ್ನೆ: ‘ಯೊ’ ಎಂದರೆ ನಾನು, ‘ಗುಸ್ತಾರ್’ ಎಂದರೆ ಇಷ್ಟಪಡು. ‘ನನಗೆ ಕಾಫಿ ಇಷ್ಟ’ ಎನ್ನಲು ‘ಯೊ ಗುಸ್ತೊ ಎಲ್ ಕಫೇ’ ಎಂದು ಬರೆದರೆ ಶಿಕ್ಷಕರು ತಪ್ಪೆಂದರು. ಏಕೆ?

ಉತ್ತರ: ಗುಸ್ತಾರ್ ಎಂದರೆ ಇಷ್ಟಪಡುವುದಲ್ಲ, ಹಿಡಿಸುವುದು. ಕನ್ನಡದ ಈ ಒಂದು ಪದ ನೆನಪಿದ್ದರೆ ಸಾಕು. ‘ಹಾಡು ನನಗೆ ಹಿಡಿಸಿತು’ ಎಂಬುದು ‘ಮೆ ಗುಸ್ತೋ ಲಾ ಕನ್ಸಿಯೋನ್’. ‘ಹಾಡುಗಳು ನನಗೆ ಹಿಡಿಸಿದವು’ ಎಂಬುದು ‘ಮೆ ಗುಸ್ತಾರೊನ್ ಲಾಸ್ ಕನ್ಸಿಯೋನೆಸ್’. ಎರಡೂ ಭಾಷೆಗಳಲ್ಲಿ ಕ್ರಿಯಾಪದ ಹಾಡಿಗೆ ಹೊಂದಿಕೊಳ್ಳುತ್ತದೆ, ನನಗಲ್ಲ. ‘ಮೆ’ ಎಂದರೆ ನನಗೆ, ‘ತೆ’ ನಿನಗೆ, ‘ನೋಸ್’ ನಮಗೆ. ‘ಲೆ’ ಮಾತ್ರ ಅವನಿಗೆ, ಅವಳಿಗೆ, ತಮಗೆ ಎಂಬ ಮೂರಕ್ಕೂ ಸಲ್ಲುತ್ತದೆ. ‘ನನಗೆ ತಲೆ ನೋಯುತ್ತಿದೆ’ ಎಂಬುದಕ್ಕೆ ‘ಮೆ ದುಎಲೆ ಲಾ ಕಬೇಸಾ’, ‘ನನಗನಿಸುತ್ತದೆ’ ಎಂಬುದಕ್ಕೆ ‘ಮೆ ಪರೇಸೆ’. ಇಂಗ್ಲಿಷ್ ಮಾತೃಭಾಷೆಯವರು ಬಹುಕಾಲ ತಿಣುಕುವ ಈ ರಚನೆ ನಮ್ಮ ಮನೆಮಾತಿನದೇ.

ಹಾಗೆಂದು ನಮ್ಮ ಪ್ರತಿಯೊಂದು ‘ನನಗೆ’ಯನ್ನೂ ‘ಮೆ’ ಮಾಡಬೇಡಿ. ನನಗೆ ಹಸಿವಾಗಿದೆ ಎನ್ನಲು ‘ತೆಂಗೊ ಆಂಬ್ರೆ’, ಅಂದರೆ ಹಸಿವನ್ನು ಹೊಂದಿದ್ದೇನೆ ಎನ್ನುತ್ತಾರೆ. ವಯಸ್ಸಿಗೂ ಇದೇ ‘ತೆಂಗೊ’. ನನಗೆ ಗೊತ್ತು ಎಂಬುದಕ್ಕೆ ಬರಿಯ ‘ಸೇ’, ನನಗೆ ಬೇಕು ಎಂಬುದಕ್ಕೆ ‘ಕಿಯೆರೊ’.

ಪ್ರಶ್ನೆ: ‘ತೂ’ ನೀನು, ‘ಉಸ್ತೆದ್’ ನೀವು ಎಂದು ತಿಳಿದಿದ್ದೇನೆ. ಇಷ್ಟು ಸಾಕೇ?

ಉತ್ತರ: ಉಸ್ತೆದ್ ‘ನೀವು’ವಿಗಿಂತ ‘ತಾವು’ವಿಗೆ ಹತ್ತಿರ. ‘ವುಎಸ್ತ್ರಾ ಮೆರ್ಸೇದ್’, ಎಂದರೆ ‘ತಮ್ಮ ಕೃಪೆ’ ಎಂಬ ಹಳೆಯ ಗೌರವದ ಮಾತು ಸವೆದು ಉಸ್ತೆದ್ ಆಯಿತು. ಎದುರಿಗಿರುವವರನ್ನು ನೇರವಾಗಿ ಕರೆಯದೆ ಅವರ ಕೃಪೆಯನ್ನು ಕರೆದದ್ದರಿಂದ ಕ್ರಿಯಾಪದ ಇಂದಿಗೂ ಪ್ರಥಮಪುರುಷ ಏಕವಚನದಲ್ಲಿದೆ: ‘ಉಸ್ತೆದ್ ಆಬ್ಲಾ’, ‘ಅವನು ಮಾತನಾಡುತ್ತಾನೆ’ ಎಂಬಲ್ಲಿನ ಅದೇ ‘ಆಬ್ಲಾ’. ಗೌರವಕ್ಕೆ ಬಹುವಚನ ಎಂಬ ನಮ್ಮ ರೂಢಿಯಂತೆ ಒಬ್ಬರಿಗೆ ‘ಆಬ್ಲಾನ್’ ಎಂದುಬಿಡಬೇಡಿ.

‘ಯೊ’, ‘ತೂ’ಗಳನ್ನು ಪ್ರತಿ ವಾಕ್ಯದಲ್ಲಿ ಹೇಳುವುದೂ ಬೇಡ. ‘ಮಾತನಾಡುತ್ತೇನೆ’ ಎಂದಾಗ ‘ನಾನು’ ತಾನಾಗಿಯೇ ತಿಳಿಯುವಂತೆ ‘ಆಬ್ಲೊ’ದಲ್ಲಿಯೂ ತಿಳಿಯುತ್ತದೆ, ಒತ್ತಿ ಹೇಳುವಾಗ ಮಾತ್ರ ‘ಯೊ’ ಸೇರಿಸಿ. ಆದರೆ ‘ಆಬ್ಲಾ’ ಅವನಿಗೂ ಅವಳಿಗೂ ತಮಗೂ ಒಂದೇ ಆದ್ದರಿಂದ, ಗೊಂದಲವಾಗುವ ಕಡೆ ‘ಉಸ್ತೆದ್’ ಹೇಳುವುದೇ ಒಳ್ಳೆಯದು.

ಊರಿನಿಂದ ಊರಿಗೆ ಬಳಕೆ ಬೇರೆಯಾಗುತ್ತದೆ. ಬ್ಯೂನಸ್ ಐರಿಸ್‌ನಲ್ಲಿ ‘ತೂ’ ಬದಲು ‘ವೋಸ್’ ಕೇಳುತ್ತೀರಿ. ಕೊಲಂಬಿಯಾದ ಬೊಗೊಟಾದಲ್ಲಿ ಗೆಳೆಯರು, ಮನೆಯವರು ಕೂಡ ಪರಸ್ಪರ ‘ಉಸ್ತೆದ್’ ಎನ್ನುವುದುಂಟು. ಅದನ್ನು ಮುನಿಸೆಂದು ತಿಳಿಯಬೇಡಿ. ಹಲವರೊಡನೆ ಮಾತನಾಡುವಾಗ ಸ್ಪೇನಿನ ಬಹುಭಾಗದಲ್ಲಿ ಆಪ್ತರಿಗೆ ‘ವೊಸೋತ್ರೊಸ್’ ಬೇಕು, ಲ್ಯಾಟಿನ್ ಅಮೆರಿಕದಲ್ಲಿ ಎಲ್ಲರಿಗೂ ‘ಉಸ್ತೆದೆಸ್’ ಒಂದೇ ಸಾಕು.